ಗುಳೆ, ಗಲ್ಫ್, ಗ್ರೀನ್ ಕಾರ್ಡ್: ವಲಸೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಹುಟ್ಟೂರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ತರಗತಿಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ವಲಸೆಯ ಬಗ್ಗೆ ಜನ ನನ್ನನ್ನು ಕೇಳುವ ಪ್ರಶ್ನೆಗಳು ವರ್ಷ ವರ್ಷವೂ ಹೆಚ್ಚು ಕಡಿಮೆ ಅವೇ. ಮಗನಿಗೆ ವೀಸಾ ಸಿಗುತ್ತಾ ಎಂದು ಕೇಳುವ ತಂದೆ, ಮಿಲ್ ತುಂಬಾ ಬಿಹಾರದ ಹುಡುಗರೇ ಇದ್ದಾರೆ ಎಂದು ಬೇಜಾರಾಗುವ ಹಮಾಲಿ, ಇಬ್ಬರೂ ಒಂದೇ ಹಗ್ಗದ ಎರಡು ತುದಿ ಹಿಡಿದು ನಿಂತವರು. ಅವರಿಗೆಲ್ಲ ಬಾಯಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

ಗುಳೆ ಹೋಗುವುದನ್ನೂ ಅಮೆರಿಕಕ್ಕೆ ಹೋಗುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ?

ತೂಗಬೇಕು ಎಂದೇ ನನ್ನ ಅಭಿಪ್ರಾಯ. ದೀಪಾವಳಿ ಕಳೆದ ವಾರ ಜಗಳೂರು ಬಸ್ ಸ್ಟ್ಯಾಂಡಿಗೆ ಸಂಜೆ ಹೊತ್ತು ಬಂದು ನೋಡಿ. ಗೋಣಿಚೀಲದಲ್ಲಿ ಜೋಳದ ಹಿಟ್ಟು, ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಪಾತ್ರೆ ಪಡಗ, ಶಾಲೆಯ ಬ್ಯಾಗಿನಲ್ಲಿ ಪುಸ್ತಕದ ಬದಲು ಮಗುವಿನ ಬಟ್ಟೆ. ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡಾಗಿರುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಹಣ್ಣು ಕೊಯ್ಯಲು ಹೊರಟವರು ಅವರು. ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ ಮುಗಿಸಿ ಯುಗಾದಿ ಹೊತ್ತಿಗೆ ಊರು ಸೇರುತ್ತಾರೆ.

ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಎರಡು ಸೂಟ್‌ಕೇಸ್ ತಳ್ಳಿಕೊಂಡು ಹೋಗುವ ಇಂಜಿನಿಯರ್ ಹುಡುಗಿಯನ್ನು ಹೊರಡಿಸುವುದೂ ಅದೇ ಲೆಕ್ಕ. ಅದೇ ಕೈ, ಅದೇ ತಲೆ, ಅದೇ ಎಂಟು ಗಂಟೆಯ ದುಡಿಮೆ. ಜಾಗ ಬದಲಾದರೆ ಬೆಲೆ ಹಲವು ಪಟ್ಟು ಆಗುತ್ತದೆ. ವ್ಯತ್ಯಾಸ ಇಷ್ಟೇ: ಮೂಡಿಗೆರೆಗೆ ಬಸ್ ಟಿಕೆಟ್ ಸಾಕು, ಅಮೆರಿಕಕ್ಕೆ ಇನ್ನೊಂದು ಸರ್ಕಾರದ ಅನುಮತಿ ಬೇಕು.

ಆ ಅನುಮತಿ ಎಷ್ಟು ಭಾರದ್ದು ಎನ್ನುವುದಕ್ಕೆ ಎರಡು ಅಂಕಿ ನೋಡಿ. 2011ರ ಜನಗಣತಿಯ ಪ್ರಕಾರ ಭಾರತದೊಳಗೇ ಊರು ಬಿಟ್ಟು ಬೇರೆಡೆ ನೆಲೆಸಿದವರು ಸುಮಾರು 45 ಕೋಟಿ. ಅದರಲ್ಲಿ ಮದುವೆಯಾಗಿ ಗಂಡನ ಮನೆಗೆ ಹೋದ ಹೆಣ್ಣುಮಕ್ಕಳೇ ಹೆಚ್ಚು. ವಿಶ್ವಸಂಸ್ಥೆಯ 2024ರ ಅಂದಾಜಿನಲ್ಲಿ ಇಡೀ ಭೂಮಿಯ ಮೇಲೆ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿ ಬದುಕುತ್ತಿರುವವರು 30.4 ಕೋಟಿ. ಜಗತ್ತಿನ ನೂರು ಜನರಲ್ಲಿ ನಾಲ್ಕು ಮಂದಿಯೂ ಇಲ್ಲ. ಜಗತ್ತೆಲ್ಲ ವಲಸೆ ಹೊರಟುಬಿಟ್ಟಿದೆ ಎನ್ನುವ ಭಯಕ್ಕೆ ಈ ಅಂಕಿ ಒದಗಿ ಬರುವುದಿಲ್ಲ.

ಹೋದವರಿಗೆ ನಿಜಕ್ಕೂ ಲಾಭ ಆಗುತ್ತದೆಯೇ, ಇಲ್ಲಾ ಅಲ್ಲಿಗೂ ಇಲ್ಲಿಗೂ ಅದೇ ಪಾಡೇ?

ಬಹುಪಾಲು ಜನರಿಗೆ ಆಗುತ್ತದೆ. ಬಾಂಗ್ಲಾದೇಶದ ರಂಗಪುರ ಸೀಮೆಯಲ್ಲಿ 2008ರಲ್ಲಿ ಒಂದು ಪ್ರಯೋಗ ನಡೆಯಿತು. ಅಲ್ಲಿಯೂ ನಮ್ಮ ಚಳ್ಳಕೆರೆ, ಮೊಳಕಾಲ್ಮೂರಿನ ಹಾಗೆ ಕೊಯ್ಲಿಗೆ ಮುಂಚೆ ಕೆಲಸವಿಲ್ಲದ ಹಸಿವಿನ ತಿಂಗಳುಗಳಿವೆ. ಹೋಗಿ ಬರುವ ಬಸ್ ಖರ್ಚಿಗೆಂದು ಸುಮಾರು 600 ಟಾಕಾ ಕೊಟ್ಟು ಪಟ್ಟಣಕ್ಕೆ ಹೋಗಿ ಬನ್ನಿ ಎಂದರು. ಹಣ ಸಿಕ್ಕ ಮನೆಗಳಲ್ಲಿ ಗುಳೆ ಹೋಗುವವರು ಗಣನೀಯವಾಗಿ ಹೆಚ್ಚಿದರು, ಹೋದವರ ಮನೆಯಲ್ಲಿ ಊಟ ಸುಧಾರಿಸಿತು, ಮುಂದಿನ ವರ್ಷ ಹಣ ಕೊಡದಿದ್ದರೂ ಹಲವರು ತಾವೇ ಹೊರಟರು. ಹೋಗದೇ ಇದ್ದದ್ದು ಸೋಮಾರಿತನದಿಂದಲ್ಲ, ಹೋದಲ್ಲಿ ಕೆಲಸ ಸಿಗದಿದ್ದರೆ ಬಸ್ ಚಾರ್ಜೂ ಹೋಯಿತಲ್ಲ ಎನ್ನುವ ಅಂಜಿಕೆಯಿಂದ. ಇದೇ ಯೋಜನೆಯನ್ನು ಲಕ್ಷಾಂತರ ಮನೆಗಳಿಗೆ ಹಿಗ್ಗಿಸಲು ಹೋದಾಗ ಅಷ್ಟು ಫಲ ಕಾಣಲಿಲ್ಲ, 2019ರಲ್ಲಿ ನಿಲ್ಲಿಸಿದರು. ಅದನ್ನೂ ಹೇಳಬೇಕಾದ್ದು ನ್ಯಾಯ.

ಲಾಭದ ಜೊತೆ ನೋವೂ ಇದೆ. ಕಾಫಿ ತೋಟದಲ್ಲಿ ಕೂಲಿಯವರಿಗೆ ಕೊಡುವ ಲೈನ್ ಮನೆಯ ತೇವ, ಜಿಗಣೆ, ಆಸ್ಪತ್ರೆ ದೂರ, ಮುಂಗಡ ತೀರದೆ ಇನ್ನೊಂದು ವರ್ಷವೂ ಅದೇ ತೋಟ. ಕೂಲಿ ಹೆಚ್ಚು ಸಿಕ್ಕಿತು ಎನ್ನುವ ಒಂದೇ ಸಾಲಿನಲ್ಲಿ ಇದೆಲ್ಲ ಹಿಡಿಯುವುದಿಲ್ಲ.

ಬಿಹಾರ, ಒಡಿಶಾ, ಅಸ್ಸಾಂನವರು ಬಂದು ನಮ್ಮವರ ಕೆಲಸ ಕಿತ್ತುಕೊಂಡರಲ್ಲ?

ಅತಿ ಹೆಚ್ಚು ಬಾರಿ ಕೇಳಿಸಿಕೊಂಡ ಪ್ರಶ್ನೆ ಇದು. ಕೇಳುವವರ ಸಂಕಟ ಸುಳ್ಳಲ್ಲ. ಕಾಟನ್ ಮಿಲ್ಲುಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ನಮ್ಮದು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಸೈರನ್ ಕೇಳಿ ಏಳುತ್ತಿದ್ದ ಮನೆಗಳು ಆಟೋ, ತಳ್ಳುಗಾಡಿ, ಮಂಡಕ್ಕಿ ಭಟ್ಟಿ ಅಂತ ಚದುರಿಹೋದವು. ಹೊಟ್ಟೆಪಾಡು ಒಮ್ಮೆ ಕೈತಪ್ಪಿದ ಊರಿಗೆ ಹೊಸಬರನ್ನು ಕಂಡರೆ ಅಂಜಿಕೆ ಸಹಜ. ಆದರೆ ಮಿಲ್ಲು ಮುಚ್ಚಿದ್ದು ಹೊರಗಿನ ಕೂಲಿಯವರಿಂದಲ್ಲ; ಹಳೆಯ ಯಂತ್ರ, ಪವರ್‌ಲೂಮಿನ ಪೈಪೋಟಿ, ನಷ್ಟ, ಸಾಲ ಅದಕ್ಕೆ ಕಾರಣ.

ಊರಿನಲ್ಲಿ ಇಷ್ಟೇ ಕೆಲಸ ಇದೆ, ಒಬ್ಬ ಬಂದರೆ ಇನ್ನೊಬ್ಬನ ಪಾಲು ಹೋಯಿತು ಎಂದು ನಾವು ಎಣಿಸುತ್ತೇವೆ, ರೊಟ್ಟಿ ಬುಟ್ಟಿಯಲ್ಲಿರುವುದು ಹತ್ತೇ ರೊಟ್ಟಿ ಎಂಬ ಹಾಗೆ. ಬಂದವನು ಊಟ ಮಾಡುತ್ತಾನೆ, ರೂಮಿಗೆ ಬಾಡಿಗೆ ಕಟ್ಟುತ್ತಾನೆ, ಮೊಬೈಲಿಗೆ ಕರೆನ್ಸಿ ಹಾಕಿಸುತ್ತಾನೆ. ನನ್ನ ಮನೆಯ ಹತ್ತಿರದ ಅಕ್ಕಿ ಗಿರಣಿ ಎದುರಿನ ಕಿರಾಣಿ ಅಂಗಡಿಯಲ್ಲಿ ಈಗ ಸಾಸಿವೆ ಎಣ್ಣೆಯ ಬಾಟಲಿಗಳು ಸಾಲಾಗಿ ನಿಂತಿವೆ. ಕಡಲೆಕಾಯಿ ಎಣ್ಣೆಗೆ ಹೆಸರಾದ ಚಳ್ಳಕೆರೆಯ ಪಕ್ಕದ ಜಿಲ್ಲೆಯಲ್ಲಿ ಸಾಸಿವೆ ಎಣ್ಣೆಗೂ ಗಿರಾಕಿ ಹುಟ್ಟಿದ್ದಾರೆ. ಆ ಅಂಗಡಿಯಾಕೆ ಹುಡುಗರ ಹೆಸರು ಬರೆದ ಲೆಕ್ಕದ ಪುಸ್ತಕ ಇಟ್ಟಿದ್ದಾಳೆ. ಸಂಬಳದ ದಿನ ಒಬ್ಬೊಬ್ಬರಾಗಿ ಬಂದು ಚುಕ್ತಾ ಮಾಡುತ್ತಾರೆ.

ಇದು ಬರಿ ಕಣ್ಣಂದಾಜಿನ ಮಾತೇ ಎಂದು ಕೇಳಬಹುದು. ಅರ್ಥಶಾಸ್ತ್ರಜ್ಞರು ಇದನ್ನು ಅಳೆಯಲು ನಲವತ್ತು ವರ್ಷದಿಂದ ಜಗಳವಾಡುತ್ತಿದ್ದಾರೆ. 1980ರಲ್ಲಿ ಕ್ಯೂಬಾದ ಮರಿಯಲ್ ಬಂದರಿನಿಂದ ಸುಮಾರು 1,25,000 ಜನ ದೋಣಿ ಹತ್ತಿ ಅಮೆರಿಕಕ್ಕೆ ಬಂದರು. ಅವರಲ್ಲಿ ಅರ್ಧದಷ್ಟು ಮಂದಿ ಮಯಾಮಿಯಲ್ಲೇ ಉಳಿದರು, ಕೆಲವೇ ತಿಂಗಳಲ್ಲಿ ಆ ನಗರದ ಕೆಲಸಗಾರರ ಸಂಖ್ಯೆ ಶೇ 7ರಷ್ಟು ಏರಿತು. ಡೇವಿಡ್ ಕಾರ್ಡ್ 1990ರಲ್ಲಿ ಲೆಕ್ಕ ಹಾಕಿ, ಅಲ್ಲಿದ್ದವರ ಕೂಲಿ, ಕೆಲಸ ಎರಡಕ್ಕೂ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ ಎಂದರು. ಅವರಿಗೆ 2021ರಲ್ಲಿ ನೊಬೆಲ್ ಬಂತು. ಜಾರ್ಜ್ ಬೋರ್ಹಾಸ್ ಅದೇ ಅಂಕಿಗಳನ್ನು ಮತ್ತೆ ಕೆದಕಿ, ಹೈಸ್ಕೂಲು ಮುಗಿಸದ ಗಂಡಸರ ಕೂಲಿ ಶೇ 10ರಿಂದ 30ರಷ್ಟು ಬಿದ್ದಿತ್ತು ಎಂದು ವಾದಿಸಿದರು. ಆ ಕುಸಿತಕ್ಕೆ ಸಮೀಕ್ಷೆಯಲ್ಲಿ ಸೇರಿಸಿದ ಜನರ ಗುಂಪು ಬದಲಾದದ್ದೇ ದೊಡ್ಡ ಕಾರಣ ಎಂದು ಮೈಕೆಲ್ ಕ್ಲೆಮೆನ್ಸ್ ಮತ್ತು ಜೆನಿಫರ್ ಹಂಟ್ ತೋರಿಸಿಕೊಟ್ಟರು. ಎಲ್ಲ ಓದಿದ ಮೇಲೆ ನನಗೆ ಕಾರ್ಡ್ ಕಡೆಯ ತೂಕವೇ ಹೆಚ್ಚು ಎನಿಸುತ್ತದೆ.

ಪೆಟ್ಟು ಬಿದ್ದರೆ ಯಾರಿಗೆ ಮೊದಲು ಬೀಳುತ್ತದೆ ಎನ್ನುವುದನ್ನೂ ಮರೆಯಬಾರದು. ಅದೇ ಕೆಲಸಕ್ಕೆ ಸ್ವಲ್ಪ ಮುಂಚೆ ಬಂದ ವಲಸೆಗಾರರಿಗೆ. ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ರಾಯಚೂರು ಕಡೆಯವನಿಗೆ ಹೊಸಬನ ಬಿಸಿ ತಟ್ಟೀತು, ಗಿರಣಿಯ ಲೆಕ್ಕಿಗನಿಗೆ ತಟ್ಟುವುದಿಲ್ಲ. ಒಟ್ಟಾರೆ ಊರಿಗೆ ಒಳ್ಳೆಯದಾಯಿತು ಎಂದು ಮೂಟೆ ಹೊರುವವನ ಮುಂದೆ ಹೇಳುವ ಮೊದಲು ನಾವು ಅವನ ಕನಿಷ್ಠ ಕೂಲಿಯ ಬಗ್ಗೆ ಮಾತಾಡಬೇಕು.

ಹೊರಗಿನವರು ಬಾರದಿದ್ದರೆ ನಮ್ಮವರ ಕೂಲಿ ತಾನಾಗಿ ಏರುತ್ತದಲ್ಲವೇ?

ಅಮೆರಿಕ ಇದನ್ನು ಮಾಡಿ ನೋಡಿತು. ಬ್ರಸೆರೊ ಎಂಬ ಒಪ್ಪಂದದ ಮೇಲೆ ಮೆಕ್ಸಿಕೋದ ಕೂಲಿಗಳು ಅಲ್ಲಿನ ಹೊಲಗಳಿಗೆ ಬರುತ್ತಿದ್ದರು. 1964ರ ಕೊನೆಗೆ ಅದನ್ನು ನಿಲ್ಲಿಸಿದರು, ಅಮೆರಿಕದ ಕೂಲಿಕಾರರ ಕೂಲಿ ಏರಲಿ ಎಂದು. ಕೂಲಿ ಏರಲಿಲ್ಲ. ಟೊಮೆಟೊ ಬೆಳೆಯುವವರು ಕೊಯ್ಲಿನ ಯಂತ್ರ ತಂದರು. ಯಂತ್ರ ಒಗ್ಗದ ಬೆಳೆಗಳನ್ನು ಕಡಿಮೆ ಮಾಡಿದರು.

ಭದ್ರಾ ನಾಲೆಯ ಬಯಲಿನಲ್ಲಿ ಭತ್ತ ಬೆಳೆಯುವ ಯಾರಿಗೂ ಇದು ಹೊಸ ಸುದ್ದಿಯಲ್ಲ. ಆಳು ಸಿಗದಾದಾಗ ಗೌಡರು ಕೂಲಿ ದುಪ್ಪಟ್ಟು ಮಾಡಲಿಲ್ಲ, ತಮಿಳುನಾಡಿನ ಭತ್ತ ಕೊಯ್ಯುವ ಮಷಿನ್ ಕರೆಸಿದರು. ಗಂಟೆಗಿಷ್ಟು ಬಾಡಿಗೆ, ಡ್ರೈವರೂ ಅವರವನೇ.

ಸ್ಥಳೀಯರಿಗೇ ಕೆಲಸ ಎಂದು ಕಾನೂನು ಮಾಡಿದರೆ?

2024ರ ಜುಲೈನಲ್ಲಿ ನಮ್ಮ ರಾಜ್ಯ ಸಂಪುಟ ಅಂಥ ಮಸೂದೆಗೆ ಒಪ್ಪಿಗೆ ಕೊಟ್ಟಿತು: ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ. ಉದ್ಯಮಿಗಳಿಂದ ವಿರೋಧ ಬಂದು ಕೆಲವೇ ದಿನಗಳಲ್ಲಿ ತಡೆಹಿಡಿದರು. ಹರಿಯಾಣ ಶೇ 75 ಮೀಸಲು ಮಾಡಿದ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರಿನಲ್ಲಿ ರದ್ದು ಮಾಡಿತು. ದೇಶದ ಯಾವ ಭಾಗಕ್ಕಾದರೂ ಹೋಗಿ ನೆಲೆಸುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ.

ಕನ್ನಡ ಬಲ್ಲವರಿಗೆ ಕೆಲಸ ಸಿಗಬೇಕೆನ್ನುವ ಹಂಬಲ ನನ್ನದೂ ಹೌದು. ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ ಬರದವರ ಮುಂದೆ ನನ್ನ ತಾಯಿ ಫಾರಂ ಹಿಡಿದು ನಿಂತದ್ದನ್ನು ಕಂಡವರು ನಾವು. ಜನರ ಜೊತೆ ವ್ಯವಹರಿಸುವ ಹುದ್ದೆಗೆ ಕನ್ನಡ ಬರಲೇಬೇಕು ಎನ್ನುವುದು ಬೇರೆ, ಗಿರಣಿಯಲ್ಲಿ ಹುಟ್ಟೂರಿನ ಪ್ರಮಾಣಪತ್ರ ಕೇಳುವುದು ಬೇರೆ. ಮೊದಲನೆಯದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಎರಡನೆಯದನ್ನು ಎಲ್ಲ ರಾಜ್ಯಗಳೂ ಮಾಡಿದರೆ ಗೋವಾದಲ್ಲಿ, ಪುಣೆಯಲ್ಲಿ, ಮುಂಬೈಯಲ್ಲಿ ದುಡಿಯುತ್ತಿರುವ ಕನ್ನಡಿಗರು ಗಂಟುಮೂಟೆ ಕಟ್ಟಬೇಕಾಗುತ್ತದೆ.

ಗಡಿ ಬಿಗಿ ಮಾಡಿದರೆ ವಲಸೆ ನಿಲ್ಲಲೇಬೇಕಲ್ಲ?

ಸ್ವಲ್ಪ ನಿಲ್ಲುತ್ತದೆ. ಉಳಿದದ್ದು ದಾರಿ ಬದಲಿಸುತ್ತದೆ, ಹೊತ್ತು ಬದಲಿಸುತ್ತದೆ, ದುಬಾರಿಯಾಗುತ್ತದೆ. ವಲಸೆ ನೀತಿಯ ಮಿತಿ ಎಂದರೆ ಇದೇ.

ಮೆಕ್ಸಿಕೋದ ಗಂಡಸರು ಮುಂಚೆ ನಮ್ಮ ತಾಂಡಾದವರಂತೆಯೇ ಇದ್ದರು. ಸುಗ್ಗಿಗೆ ಗಡಿ ದಾಟುವುದು, ದುಡಿದು ಹಬ್ಬಕ್ಕೆ ಮನೆಗೆ ಬರುವುದು. 1986ರ ನಂತರ ಅಮೆರಿಕ ಗಡಿಯ ಮೇಲೆ ಹಣ ಸುರಿಯುತ್ತ ಹೋಯಿತು. ದಾಟಿಸುವ ದಲ್ಲಾಳಿಗಳ ದರ ಏರಿತು, ಮರುಭೂಮಿಯ ದಾರಿಯಲ್ಲಿ ಸಾವು ಹೆಚ್ಚಿತು. ಇಷ್ಟು ಕಷ್ಟಪಟ್ಟು ಒಳಗೆ ಬಂದವನು ವಾಪಸ್ ಹೋಗುವ ಧೈರ್ಯ ಮಾಡಲಿಲ್ಲ. ಹೆಂಡತಿ ಮಕ್ಕಳನ್ನೇ ಕರೆಸಿಕೊಂಡ. ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ಹತ್ತಾರು ವರ್ಷ ಆ ಹಳ್ಳಿಗಳನ್ನು ಅಭ್ಯಾಸ ಮಾಡಿ ಹೇಳಿದ್ದು ಇದನ್ನೇ: ಗಡಿ ಬಿಗಿಯಾದಂತೆ ಹೋಗಿ ಬರುವವರು ಅಲ್ಲೇ ನೆಲೆಸಿದವರಾದರು. 2007ರ ಹೊತ್ತಿಗೆ ಕಾಗದಪತ್ರ ಇಲ್ಲದವರು ಅಲ್ಲಿ ಕೋಟಿ ದಾಟಿದ್ದರು.

ಜರ್ಮನಿಯಲ್ಲೂ ಹಾಗೇ ಆಯಿತು. 1973ರಲ್ಲಿ ತುರ್ಕಿ ಮುಂತಾದ ಕಡೆಯಿಂದ ಕೆಲಸಗಾರರನ್ನು ಕರೆಸುವುದನ್ನು ನಿಲ್ಲಿಸಿದರು. ಒಮ್ಮೆ ಹೋದರೆ ಮತ್ತೆ ಬರಲಾಗದು ಎಂದು ತಿಳಿದ ಮೇಲೆ ಇದ್ದವರಲ್ಲಿ ಬಹಳ ಮಂದಿ ಅಲ್ಲೇ ಉಳಿದು ಸಂಸಾರ ಕರೆಸಿಕೊಂಡರು. ಬ್ರಿಟನ್ ಯುರೋಪ್ ಒಕ್ಕೂಟ ಬಿಡಲು ವಲಸೆಯ ಸಿಟ್ಟು ಒಂದು ದೊಡ್ಡ ಕಾರಣವಾಗಿತ್ತು. 2021ರಿಂದ ಯುರೋಪಿನವರ ಮುಕ್ತ ಸಂಚಾರ ನಿಂತಿತು. ಆಸ್ಪತ್ರೆ, ವೃದ್ಧಾಶ್ರಮ, ವಿಶ್ವವಿದ್ಯಾಲಯಗಳಿಗೆ ಜನ ಬೇಕೇ ಬೇಕಿತ್ತು. ಭಾರತ, ನೈಜೀರಿಯಾದವರು ಬಂದರು. 2023ರ ಹೊತ್ತಿಗೆ ಒಂದು ವರ್ಷದಲ್ಲಿ ಹೋದವರನ್ನು ಕಳೆದು ಬಂದವರ ಲೆಕ್ಕ 9 ಲಕ್ಷ ದಾಟಿತ್ತು, ಅಲ್ಲಿಯ ಇತಿಹಾಸದಲ್ಲೇ ಹೆಚ್ಚು. ಆಮೇಲೆ ನಿಯಮ ಬಿಗಿ ಮಾಡಿ ಅದನ್ನು ಇಳಿಸಿದ್ದಾರೆ. ಸರ್ಕಾರದ ಕೈಯಲ್ಲಿ ಏನೂ ಇಲ್ಲ ಎಂದು ಹಾಗಾಗಿ ನಾನು ಹೇಳುವುದಿಲ್ಲ.

ನಮ್ಮ ಗುಳೆಯ ಜನ ಯುಗಾದಿಗೆ ಮರಳಿ ಬರುತ್ತಾರಲ್ಲ, ಏಕೆ? ಮುಂದಿನ ದೀಪಾವಳಿಗೆ ಮತ್ತೆ ಹೋಗಬಹುದು ಎಂಬ ಖಾತ್ರಿ ಇದೆ. ಕಡೂರಿನಲ್ಲಿ ಒಂದು ಚೆಕ್‌ಪೋಸ್ಟ್ ಇಟ್ಟು ವರ್ಷಕ್ಕೆ ಇಷ್ಟೇ ಮಂದಿ ಎಂದು ಪರ್ಮಿಟ್ ಕೊಡಲು ಶುರು ಮಾಡಿದರೆ, ಈ ಜನ ಮೂಡಿಗೆರೆಯಲ್ಲೇ ಗುಡಿಸಲು ಹಾಕಿಯಾರು. ನಮ್ಮೂರ ಮಾರಮ್ಮನ ಜಾತ್ರೆಗೆ ಆಳಿಲ್ಲದೆ ಹೋದೀತು.

ಮಗ ಇಂಜಿನಿಯರಿಂಗ್ ಮುಗಿಸಿದ್ದಾನೆ. ಎಚ್-1ಬಿ ನಂಬಿಕೊಂಡು ಸಾಲ ಮಾಡಬಹುದೇ?

ಅಮೆರಿಕದಲ್ಲಿ ಕೆಲಸ ಮಾಡಲು ಕೊಡುವ ಎಚ್-1ಬಿ ವೀಸಾ ಒಂದು ಲಾಟರಿ. ವರ್ಷಕ್ಕೆ 65,000, ಜೊತೆಗೆ ಅಮೆರಿಕದಲ್ಲಿ ಸ್ನಾತಕೋತ್ತರ ಓದಿದವರಿಗೆ 20,000. ಅದರಲ್ಲಿ ಭಾರತೀಯರ ಪಾಲೇ ದೊಡ್ಡದು. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕದ ಆದೇಶ ಬಂತು. ವೀಸಾ ಸಿಕ್ಕರೂ, ಅಲ್ಲೇ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನಲ್ಲಿ ಒಂದು ದೇಶದವರಿಗೆ ಶೇ 7ರ ಮಿತಿ ಇರುವುದರಿಂದ ನಮ್ಮವರ ಸರದಿ ದಶಕಗಟ್ಟಲೆ ಉದ್ದ. ಮನೆ ಅಡವಿಟ್ಟು ಈ ಲಾಟರಿ ಆಡಬೇಡಿ ಎಂದು ತಂದೆ ತಾಯಂದಿರಿಗೆ ಕೈಮುಗಿದು ಹೇಳುತ್ತೇನೆ.

ಇಲ್ಲೂ ನೀತಿಯ ಮಿತಿ ಕಾಣುತ್ತದೆ. ಈ ವೀಸಾ ಬಿಗಿಯಾದಾಗ ಅಮೆರಿಕದ ದೊಡ್ಡ ಕಂಪನಿಗಳು ಕೆಲಸವನ್ನೇ ಕೆನಡಾ, ಭಾರತ, ಚೀನಾಕ್ಕೆ ಸಾಗಿಸಿದವು ಎಂದು ಅರ್ಥಶಾಸ್ತ್ರಜ್ಞೆ ಬ್ರಿಟಾ ಗ್ಲೆನನ್ ತೋರಿಸಿದ್ದಾರೆ. ಮನುಷ್ಯ ದಾಟಲಾಗದ ಗಡಿಯನ್ನು ಕೆಲಸ ದಾಟಿತು. ನಿಮ್ಮ ಮಗನಿಗೆ ಬೆಂಗಳೂರಿನ ವೈಟ್‌ಫೀಲ್ಡಿನಲ್ಲೇ ಅದೇ ಕಂಪನಿ ಸಿಗಬಹುದು. ಸಂಬಳ ಅಲ್ಲಿಯಷ್ಟಿರುವುದಿಲ್ಲ.

ಗಲ್ಫಿಗೆ ಹೋಗುವ ಮುಂಚೆ ಏನು ನೋಡಿಕೊಳ್ಳಬೇಕು?

ಮನೆಯ ಕತೆಯಿಂದ ಶುರು ಮಾಡುತ್ತೇನೆ. ನನ್ನ ಅಕ್ಕನ ಮಗ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಒಳ್ಳೆ ಡ್ರೈವರ್. ಮನೆ ಕಾರು ಓಡಿಸುವ ಕೆಲಸ ಎಂದು ಒಬ್ಬ ಏಜೆಂಟ್ ನಂಬಿಸಿ ಒಂದೂವರೆ ಲಕ್ಷ ತೆಗೆದುಕೊಂಡ. ಅಕ್ಕ ಎರಡು ಎಮ್ಮೆ ಮಾರಿ, ಸಂಘದ ಸಾಲ ಎತ್ತಿ ಕೊಟ್ಟಳು. ಹುಡುಗ ಇಳಿದಾಗ ಕೈಯಲ್ಲಿದ್ದದ್ದು ವಿಸಿಟ್ ವೀಸಾ. ಕೆಲಸ ಗೋದಾಮಿನಲ್ಲಿ ಮೂಟೆ ಇಳಿಸುವುದು. ಪಾಸ್‌ಪೋರ್ಟ್ ಮಾಲೀಕನ ಡ್ರಾಯರಿನಲ್ಲಿ. ಹನ್ನೊಂದು ತಿಂಗಳಿಗೆ ವಾಪಸ್ ಬಂದಾಗ ಚಾರ್ಜರ್, ಒಂದು ಕಂಬಳಿ, ತೀರದ ಸಾಲ. ಅಕ್ಕ ಇವತ್ತಿಗೂ ಆ ಕಂಬಳಿ ಹೊದೆಯುವುದಿಲ್ಲ, ಅಟ್ಟದ ಮೇಲೆ ಇಟ್ಟಿದ್ದಾಳೆ.

ಇದರಲ್ಲಿ ಕಾನೂನಿನ ಪಾತ್ರವನ್ನೂ ನೋಡಿ. 1983ರ ಎಮಿಗ್ರೇಶನ್ ಕಾಯ್ದೆಯಂತೆ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಇಸಿಆರ್ ಎಂಬ ಗುರುತು ಬೀಳುತ್ತದೆ. ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಅವರು ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಮೂವತ್ತು ವರ್ಷದೊಳಗಿನ ಇಸಿಆರ್ ಹೆಣ್ಣುಮಕ್ಕಳಿಗೆ ಅನುಮತಿಯೇ ಇಲ್ಲ. ಉದ್ದೇಶ ರಕ್ಷಣೆ. ಆದರೆ ಮನೆಯಲ್ಲಿ ಒಲೆ ಉರಿಯಬೇಕಾದವರು ನಿಲ್ಲುವುದಿಲ್ಲ, ವಿಸಿಟ್ ವೀಸಾದ ಅಡ್ಡದಾರಿ ಹಿಡಿಯುತ್ತಾರೆ. ಅಲ್ಲಿ ಕೂಲಿ ಕೊಡದಿದ್ದರೆ ಕೇಳಲು ದಾಖಲೆಯೇ ಇರುವುದಿಲ್ಲ.

ಹೋಗುವವರಿಗೆ ನನ್ನ ಮಾತು ಇಷ್ಟು. ಏಜೆಂಟನ ನೋಂದಣಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡದೆ ಒಂದು ರೂಪಾಯಿ ಕೊಡಬೇಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ಪ್ರವಾಸಿ ಭಾರತೀಯ ಬಿಮಾ ಎಂಬ ಸರ್ಕಾರಿ ವಿಮೆ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ಪರಿಹಾರ ಇದೆ. ಒಪ್ಪಂದದ ಹಾಳೆಯನ್ನು ಓದಬಲ್ಲವರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿ, ಫೋಟೋ ತೆಗೆದು ಮನೆಯವರಿಗೆ ಕಳಿಸಿ. ಮತ್ತೆ, ಹತ್ತನೇ ಕ್ಲಾಸ್ ಕಟ್ಟಿ ಪಾಸು ಮಾಡಿಕೊಳ್ಳಿ. ನನ್ನ ಅಳಿಯ ಈಗ ಅದನ್ನೇ ಓದುತ್ತಿದ್ದಾನೆ.

ನಮ್ಮ ಜಿಲ್ಲೆಯಿಂದ ಆಫ್ರಿಕಾಕ್ಕೂ ಹೋಗುತ್ತಾರಂತೆ, ಹೌದೇ?

ಹೌದು. ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಜನ. ಬೇಟೆಯಾಡಿ ಬದುಕುತ್ತಿದ್ದವರಿಗೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಳೆಯ ದಾರಿ ಮುಚ್ಚಿತು. ಗಿಡಮೂಲಿಕೆ ಎಣ್ಣೆ ಮಾರುತ್ತ ಊರೂರು ಅಲೆದು, ಕೊನೆಗೆ ಆಫ್ರಿಕಾದ ದೇಶಗಳಿಗೂ ಹೋದರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕಿಕೊಂಡ ಸುದ್ದಿ ದೇಶಕ್ಕೆಲ್ಲ ತಿಳಿಯಿತು. ಆಪರೇಷನ್ ಕಾವೇರಿಯಲ್ಲಿ ಭಾರತೀಯರನ್ನು ಕರೆತಂದರು. ಹೆಚ್ಚು ಓದಿಲ್ಲದ, ಇಂಗ್ಲಿಷ್ ಬಾರದ ಸಮುದಾಯವೊಂದು ಯಾವ ಸರ್ಕಾರದ ಯೋಜನೆಯ ನೆರವೂ ಇಲ್ಲದೆ ಸಮುದ್ರದಾಚೆ ಸಂತೆ ಕಟ್ಟಿಕೊಂಡದ್ದನ್ನು ನಾನು ಗೌರವದಿಂದ ನೋಡುತ್ತೇನೆ.

ಹೊರದೇಶದ ಹಣದಿಂದ ಊರಿಗೆ ಏನು ಬಂತು?

ಹೊರದೇಶದಲ್ಲಿರುವವರು 2024ರಲ್ಲಿ ಭಾರತಕ್ಕೆ ಕಳಿಸಿದ್ದು ವಿಶ್ವಬ್ಯಾಂಕಿನ ಅಂದಾಜಿನಂತೆ ಸುಮಾರು 129 ಶತಕೋಟಿ ಡಾಲರ್, ಜಗತ್ತಿನಲ್ಲೇ ಅತಿ ಹೆಚ್ಚು. ಮೊದಲು ಗಲ್ಫಿನ ಪಾಲೇ ದೊಡ್ಡದಿತ್ತು. ಈಗ ದೇಶವಾರು ನೋಡಿದರೆ ಅಮೆರಿಕ ಮುಂದಿದೆ.

ನಮ್ಮ ಕಡೆ ಆ ಹಣ ಮೊದಲು ಸಾಲಕ್ಕೆ ಹೋಗುತ್ತದೆ, ಆಮೇಲೆ ಮನೆಯ ಆರ್‌ಸಿಸಿಗೆ, ಆಮೇಲೆ ಮದುವೆಗೆ. ಬರಗಾಲದ ತಾಲ್ಲೂಕುಗಳಲ್ಲಿ ನಾಲ್ಕನೆಯದು ಬೋರ್‌ವೆಲ್, ಅದರಲ್ಲಿ ನೀರು ಬಾರದಿದ್ದರೆ ಇನ್ನೊಂದು ಬೋರ್‌ವೆಲ್. ಎರಡು ವರ್ಷದ ದುಡಿಮೆ ಎಂಟುನೂರು ಅಡಿ ಕೆಳಗೆ ಧೂಳಾಗಿ ಹಾರಿದ್ದನ್ನು ಕಂಡಿದ್ದೇನೆ. ಸಾಲ ತೀರಿದ ಮೇಲಿನ ಮೊದಲ ಹಣ ಮಕ್ಕಳ ಫೀಜಿಗೆ ಹೋದ ಮನೆಗಳು ಎದ್ದು ನಿಂತದ್ದನ್ನೂ ಕಂಡಿದ್ದೇನೆ. ಹಣ ಕಳಿಸುವ ಖರ್ಚು ಶೇ 3ಕ್ಕಿಂತ ಕಡಿಮೆ ಇರಬೇಕೆಂಬುದು ವಿಶ್ವಸಂಸ್ಥೆಯ 2030ರ ಗುರಿ. ಜಗತ್ತಿನ ಸರಾಸರಿ ಇನ್ನೂ ಶೇ 6ರ ಮೇಲಿದೆ. ಇದನ್ನು ಇಳಿಸಲು ಯಾವ ಗಡಿಯನ್ನೂ ತೆರೆಯಬೇಕಿಲ್ಲ.

ಓದಿಸಿದ ಡಾಕ್ಟರು, ಇಂಜಿನಿಯರುಗಳೆಲ್ಲ ಹೋದರೆ ಊರಿಗೆ ನಷ್ಟವಲ್ಲವೇ?

ಒಂದು ಕಾಲಕ್ಕೆ ನಾನೂ ಹಾಗೇ ಪಾಠ ಮಾಡುತ್ತಿದ್ದೆ. ಫಿಲಿಪೀನ್ಸಿನ ನರ್ಸುಗಳ ಅಧ್ಯಯನ ಓದಿದ ಮೇಲೆ ಅಭಿಪ್ರಾಯ ಬದಲಿಸಿಕೊಂಡೆ. ಅಮೆರಿಕದ ಬಾಗಿಲು ತೆರೆದಾಗ ಫಿಲಿಪೀನ್ಸಿನಿಂದ ಹೋದ ನರ್ಸುಗಳಿಗಿಂತ ಹೊಸದಾಗಿ ತಯಾರಾದವರೇ ಎಷ್ಟೋ ಪಟ್ಟು ಹೆಚ್ಚು. ಹೊರಗೆ ಹೋಗುವ ಆಸೆಯಿಂದ ಓದಿದವರಲ್ಲಿ ಬಹುಪಾಲು ಜನ ಊರಲ್ಲೇ ಉಳಿಯುತ್ತಾರೆ.

ದಾವಣಗೆರೆಯಂಥ ಊರಲ್ಲಿ ಎರಡು ಮೆಡಿಕಲ್ ಕಾಲೇಜು ಇದ್ದೂ ಹಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಸಿಗದಿದ್ದರೆ ಅದಕ್ಕೆ ಲಂಡನ್ನಿಗಿಂತ ಬೆಂಗಳೂರು ಹತ್ತಿರದ ಕಾರಣ. ಕ್ವಾರ್ಟರ್ಸ್, ಮಕ್ಕಳ ಶಾಲೆ, ಔಷಧ, ಇವು ಸರಿಯಾಗದೆ ಪಾಸ್‌ಪೋರ್ಟ್ ತಡೆದರೆ ಡಾಕ್ಟರು ಹಳ್ಳಿಗೆ ಬರುವುದಿಲ್ಲ.

ಭದ್ರಾ ಮೇಲ್ದಂಡೆ ನೀರು ಬಂದರೆ ವಲಸೆ ನಿಲ್ಲುತ್ತದಲ್ಲ?

ಗುಳೆ ತಗ್ಗುತ್ತದೆ. ಚಿತ್ರದುರ್ಗ, ಜಗಳೂರು, ಚಿಕ್ಕಮಗಳೂರು, ತುಮಕೂರು ಸೀಮೆಯ 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಕೊಡುವ ಯೋಜನೆ ಅದು. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು, ಆ ಹಣಕ್ಕಾಗಿ ಇಲ್ಲಿನ ರೈತರು ಎಷ್ಟು ಸಲ ಬೀದಿಗಿಳಿದರೆಂದು ಎಲ್ಲರಿಗೂ ಗೊತ್ತು. ನೀರು ಬರಲಿ ಎಂದು ನಾನು ನನ್ನೂರ ಕೆರೆ ಏರಿಯ ಮೇಲೆ ನಿಂತು ಬೇಡಿದವರಲ್ಲಿ ಒಬ್ಬ.

ಆದರೆ ವಲಸೆ ನಿಲ್ಲುವುದಿಲ್ಲ, ಅದರ ಬಗೆ ಬದಲಾಗುತ್ತದೆ. ಬಡ ದೇಶಗಳಲ್ಲಿ ಆದಾಯ ಏರಿದಂತೆ ಹೊರದೇಶಕ್ಕೆ ಹೋಗುವವರು ಮೊದಲು ಹೆಚ್ಚುತ್ತಾರೆ, ಬಹಳ ಮೇಲೆ ಹೋದ ನಂತರವೇ ಇಳಿಯುತ್ತಾರೆ ಎಂಬುದನ್ನು ಹಲವು ಅಧ್ಯಯನಗಳು ಕಂಡಿವೆ. ತೀರಾ ಬಡವನ ಹತ್ತಿರ ಹೋಗಲು ಬಂಡವಾಳವೇ ಇರುವುದಿಲ್ಲ. ನೀರಾವರಿ ಇರುವ ಹರಿಹರ, ಮಲೇಬೆನ್ನೂರು ಕಡೆ ನೋಡಿ: ಗುಳೆ ಹೋಗುವವರು ಕಡಿಮೆ, ಬೆಂಗಳೂರು, ದುಬೈ, ಡಲ್ಲಾಸ್‌ಗೆ ಮಕ್ಕಳನ್ನು ಕಳಿಸಿದ ಮನೆಗಳು ಹೆಚ್ಚು. ಅಲ್ಲಿನ ಅಡಕೆ ಸುಲಿಯಲು, ಮೂಟೆ ಹೊರಲು ಮತ್ತೆ ಹೊರಗಿನವರು ಬಂದಿದ್ದಾರೆ. ಬಡವರಿಗೆ ನೆರವು ಕೊಟ್ಟರೆ ವಲಸೆ ನಿಲ್ಲುತ್ತದೆ ಎಂದು ಶ್ರೀಮಂತ ದೇಶಗಳು ಹಾಕುವ ಲೆಕ್ಕ ತಪ್ಪುವುದು ಇಲ್ಲೇ. ನೆರವು ಕೊಡಲು ಅದಕ್ಕಿಂತ ಒಳ್ಳೆಯ ಕಾರಣಗಳು ಬೇಕಾದಷ್ಟಿವೆ.

ಹಾಗಾದರೆ ಗಡಿಯೇ ಬೇಡ ಎನ್ನುತ್ತೀರಾ?

ಇಲ್ಲ. ಯಾರು ಬಂದರು, ಎಲ್ಲಿದ್ದಾರೆ ಎಂದು ತಿಳಿಯುವ ಹಕ್ಕು ಒಂದು ದೇಶಕ್ಕಿದೆ. ಒಂದೇ ವರ್ಷದಲ್ಲಿ ಹೆಚ್ಚು ಜನ ಬಂದರೆ ಬಾಡಿಗೆ ಏರುತ್ತದೆ, ಶಾಲೆ ಆಸ್ಪತ್ರೆಗಳ ಮೇಲೆ ಒತ್ತಡ ಬೀಳುತ್ತದೆ. ಅದು ಬರಿಯ ದ್ವೇಷದ ಮಾತಲ್ಲ. ಎಷ್ಟು ಮಂದಿ ಎಂಬ ಒಂದೇ ಅಂಕಿಯ ಹಿಂದೆ ಬಿದ್ದು, ಬಂದವರಿಗೆ ಕೂಲಿ ಸಿಕ್ಕಿತೇ, ಮಾಲೀಕನನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗಬಹುದೇ, ಊರಿಗೆ ಹೋಗಿ ಮತ್ತೆ ಬರಬಹುದೇ ಎಂಬುದನ್ನು ಕೇಳದ ನೀತಿಯ ಮೇಲೆ ನನ್ನ ಆಕ್ಷೇಪ. ದೇಶದೊಳಗಿನ ವಲಸೆಗೂ ನಾವು ಹಾಗೇ ನಡೆದುಕೊಂಡಿದ್ದೇವೆ. 1979ರಲ್ಲೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. 2020ರ ಲಾಕ್‌ಡೌನಿನಲ್ಲಿ ಜನ ಹೆದ್ದಾರಿಯ ಮೇಲೆ ನಡೆದುಹೋಗುವಾಗ ಯಾರ ಬಳಿಯೂ ಅವರ ಸರಿಯಾದ ಪಟ್ಟಿ ಇರಲಿಲ್ಲ. ಒಂದು ದೇಶ ಒಂದು ಪಡಿತರ ಚೀಟಿ ಬಂದದ್ದು ಒಳ್ಳೆಯ ಹೆಜ್ಜೆ. ಕಾಫಿ ತೋಟಕ್ಕೆ ಹೋದವರು ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಅಕ್ಕಿ ಪಡೆಯಬಹುದು, ಇದನ್ನು ಹೊರಡುವ ಮುಂಚೆ ಪ್ರತಿ ತಾಂಡಾದಲ್ಲೂ ಯಾರಾದರೂ ಹೇಳಬೇಕು.

ಗುಳೆ ಹೋಗುವವರ ಮಕ್ಕಳನ್ನು ಏನು ಮಾಡುವುದು?

ಊರಲ್ಲಿ ಅಜ್ಜಿ ಇದ್ದರೆ ಬಿಟ್ಟು ಹೋಗಲಿ. ಇಲ್ಲದಿದ್ದರೆ ಹೊರಡುವ ಮೊದಲೇ ಶಾಲೆಯ ಹೆಡ್‌ಮಾಸ್ಟರಿಗೆ ಹೇಳಿ, ಋತುಮಾನದ ವಸತಿ ಶಾಲೆಯ ಅವಕಾಶ ಇದೆಯೇ ಎಂದು ಕೇಳಿ. ಜೊತೆಗೇ ಕರೆದುಕೊಂಡು ಹೋಗುವುದಾದರೆ ತೋಟದ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿ. ಶಿಕ್ಷಣ ಹಕ್ಕು ಕಾಯ್ದೆಯಂತೆ ಟಿ.ಸಿ. ಇಲ್ಲ, ವರ್ಷದ ಮಧ್ಯೆ ಬಂದಿರಿ ಎಂದು ಅವರು ನಿರಾಕರಿಸುವಂತಿಲ್ಲ.

ನನ್ನ ಮೂರನೇ ಕ್ಲಾಸು ಹಾಗೇ ನಡೆಯಿತು. ಅರ್ಧ ಜಗಳೂರಿನ ನಮ್ಮ ಹಳ್ಳಿಯಲ್ಲಿ, ಅರ್ಧ ಮೂಡಿಗೆರೆಯ ತೋಟದ ಕೆಳಗಿನ ಶಾಲೆಯಲ್ಲಿ. ಅಲ್ಲಿನ ಮೇಷ್ಟ್ರು ಹೊಸ ಹಾಜರಿ ಸಾಲಿನಲ್ಲಿ ನನ್ನ ಹೆಸರು ಬರೆದುಕೊಂಡರು. ಫೆಬ್ರವರಿ ಕೊನೆಗೆ ಹೊರಡುವಾಗ ನನ್ನ ಪಾಟಿ ಚೀಲದಲ್ಲಿ ಗಣಿತದ ಪುಸ್ತಕ ಇಟ್ಟು, ಎಲ್ಲಿಯವರೆಗೆ ಆಗಿದೆ ಎಂದು ಗೊತ್ತಾಗಲಿ ಎಂದು ಒಂದು ಕಾಫಿ ಎಲೆಯನ್ನು ಪುಟದ ನಡುವೆ ಸಿಕ್ಕಿಸಿದ್ದರು.